'ಬೋರು' ಎನ್ನುವ ಮಗುವಿಗೆ ಏನು ಕೊಡೋಣ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಹತ್ತರಿಂದ ಹದಿಮೂರು ವರ್ಷದೊಳಗಿನ ಮಕ್ಕಳ ಬಗ್ಗೆ ಬಂದ ಪತ್ರಗಳನ್ನು ಈ ಸಂಚಿಕೆಗೆ ಒಟ್ಟು ಮಾಡಿದ್ದೇವೆ. ಎಲ್ಲ ಪತ್ರಗಳ ದೂರೂ ಹೆಚ್ಚುಕಡಿಮೆ ಒಂದೇ: ಮಗುವಿಗೆ ಯಾವುದರಲ್ಲೂ ಮನಸ್ಸಿಲ್ಲ. ಪತ್ರಗಳನ್ನು ಚಿಕ್ಕದು ಮಾಡಿ, ಹೆಸರು ಬಿಟ್ಟು ಪ್ರಕಟಿಸುತ್ತಿದ್ದೇವೆ.

ಮಗನಿಗೆ ಹನ್ನೊಂದು ವರ್ಷ, ಆರನೇ ಕ್ಲಾಸು. ಕೀಬೋರ್ಡ್‌ಗೆ ಸೇರಿಸಿದೆವು, ನಾಲ್ಕು ತಿಂಗಳಿಗೆ ಬಿಟ್ಟ. ಕರಾಟೆ ಹಳದಿ ಬೆಲ್ಟ್‌ಗೆ ನಿಂತಿತು, ಅಬಾಕಸ್ ಎರಡನೇ ಲೆವೆಲ್‌ಗೆ. ಈಗ ಶಾಲೆಯಿಂದ ಬಂದು ಸೋಫಾ ಮೇಲೆ ಬಿದ್ದರೆ ಏಳುವುದಿಲ್ಲ. ಏನು ಕೇಳಿದರೂ 'ಬೋರು', 'ಗೊತ್ತಿಲ್ಲ'. ಅವನ ಪ್ಯಾಷನ್ ಯಾವುದೆಂದು ತಿಳಿಯುವುದು ಹೇಗೆ? – ತಾಯಿ, ದಾವಣಗೆರೆ

ಮಗನೊಳಗೆ ಒಂದು ಪ್ಯಾಷನ್ ತಯಾರಾಗಿ ಕೂತಿದೆ, ನಾವು ಹುಡುಕಿ ತೆಗೆದರಾಯಿತು ಎಂಬ ಲೆಕ್ಕಾಚಾರವನ್ನು ಮೊದಲು ಬಿಡಿ. ಹನ್ನೊಂದು ವರ್ಷಕ್ಕೆ ಅಂಥ ಗಟ್ಟಿ ಆಸಕ್ತಿ ಇರುವ ಮಕ್ಕಳು ಕಡಿಮೆ. ಸುಝಾನ್ ಹಿಡಿ ಮತ್ತು ಆನ್ ರೆನಿಂಜರ್ ಎಂಬ ಮನೋವಿಜ್ಞಾನಿಗಳು ಆಸಕ್ತಿ ಬೆಳೆಯುವ ಬಗೆಯನ್ನು 2006ರಲ್ಲಿ ನಾಲ್ಕು ಹಂತಗಳಾಗಿ ವಿವರಿಸಿದರು. ಯಾವುದೋ ಸಂಗತಿ ಗಮನ ಸೆಳೆಯುತ್ತದೆ. ಸುತ್ತಲಿನ ಜನ, ಜಾಗ, ಸಾಮಾನುಗಳ ಆಸರೆಯಿಂದ ಆ ಗಮನ ಉಳಿಯುತ್ತದೆ. ಬರಬರುತ್ತಾ ಮಗು ತಾನೇ ಅದರತ್ತ ಮರಳಿ ತನ್ನ ಪ್ರಶ್ನೆಗಳನ್ನು ಕೇಳತೊಡಗುತ್ತದೆ. ಕೊನೆಗೆ ಅದು ಸ್ವಭಾವದಲ್ಲೇ ಬೆರೆಯುತ್ತದೆ. ನಮ್ಮ ಮನೆಗಳಲ್ಲಿ ಎಡವಟ್ಟಾಗುವುದು ಎರಡನೇ ಹಂತದಲ್ಲಿ. ಮಗು ಮದುವೆಮನೆಯಲ್ಲಿ ಕೀಬೋರ್ಡ್ ಮೇಲೆ ಎರಡು ಸಲ ಬೆರಳಾಡಿಸಿದರೆ ಸಾಕು, ಮರುವಾರವೇ ವರ್ಷದ ಫೀಸು ಕಟ್ಟಿ ಗ್ರೇಡ್ ಪರೀಕ್ಷೆಗೆ ಹೆಸರು ಬರೆಸುತ್ತೇವೆ. ಮೊದಲ ಹಂತದ ಮಗುವಿನ ಮೇಲೆ ನಾಲ್ಕನೇ ಹಂತದ ಶಿಸ್ತು ಬೀಳುತ್ತದೆ.

ನೀವು ಬರೆದ ಮೂರೂ ತರಗತಿಗಳಲ್ಲಿ ಲೆವೆಲ್ಲೋ ಬೆಲ್ಟೋ ಇದೆ, ಇವತ್ತು ಏನು ಮಾಡಬೇಕೆಂದು ಮೂರರಲ್ಲೂ ಬೇರೆಯವರೇ ಹೇಳುತ್ತಾರೆ. ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಎಂಬ ಮನೋವಿಜ್ಞಾನಿಗಳು ದಶಕಗಳ ಕಾಲ ಅಭ್ಯಾಸ ಮಾಡಿ ಹೇಳಿದ್ದು, ಒಳಗಿನಿಂದ ಬರುವ ಉತ್ಸಾಹಕ್ಕೆ ಮೂರು ಬೇಕು ಎಂದು: ತನ್ನ ಆಯ್ಕೆ ನಡೆಯುತ್ತಿದೆ ಎಂಬ ಭಾವ, ಕೈ ಪಳಗುತ್ತಿದೆ ಎಂಬ ನಂಬಿಕೆ, ಜೊತೆಗೊಬ್ಬರು ಇದ್ದಾರೆ ಎಂಬ ಧೈರ್ಯ. ಕೀಬೋರ್ಡ್, ಕರಾಟೆ, ಅಬಾಕಸ್ ಒಂದೊಂದಕ್ಕೂ ಈ ಮೂರನ್ನು ಹಚ್ಚಿ ನೋಡಿ. ಕರಾಟೆಯಲ್ಲಿ ಗೆಳೆಯ ಯಾರಾದರೂ ಇದ್ದನೇ? ಯಾವ ಹಾಡು ನುಡಿಸಬೇಕೆಂದು ಅವನನ್ನು ಒಮ್ಮೆಯಾದರೂ ಕೇಳಿದ್ದಿರಾ?

ಈಗ ಮಾಡಬೇಕಾದ್ದು. ಎರಡು ವಾರ ಏನನ್ನೂ ಸೂಚಿಸಬೇಡಿ, ಯಾವ ಕ್ಲಾಸಿಗೂ ಸೇರಿಸಬೇಡಿ. ಒಂದು ಸಣ್ಣ ಪುಸ್ತಕದಲ್ಲಿ ದಿನಕ್ಕೆ ಎರಡು ಸಾಲು ಬರೆಯಿರಿ: ಯಾರೂ ಹೇಳದೆ ಅವನು ಮಾಡಿದ್ದೇನು, ಎಷ್ಟು ಹೊತ್ತು, ಯಾರ ಜೊತೆ, ಯಾಕೆ ನಿಲ್ಲಿಸಿದ. ನಿಲ್ಲಿಸಿದ ಕಾರಣ ಬರೆಯಲು ಮರೆಯಬೇಡಿ, ಬಹಳ ಸಲ ಸುಳಿವು ಸಿಗುವುದು ಅಲ್ಲೇ. ಪೆನ್ನು ಬಿಚ್ಚಿ ಸ್ಪ್ರಿಂಗ್ ಹಾರಿಸಿದ, 'ಹಾಳು ಮಾಡಬೇಡ' ಎಂದಾಗ ನಿಂತಿತು. ಚಿಕ್ಕಪ್ಪನ ಬೈಕ್ ತೊಳೆಯುವಾಗ ಮುಕ್ಕಾಲು ಗಂಟೆ ನಿಂತಿದ್ದ, ಹೋಂವರ್ಕಿಗೆ ಕರೆದಾಗ ಬಂದ. ಇಂಥ ನಾಲ್ಕೈದು ಟಿಪ್ಪಣಿ ಸೇರಿದರೆ ಒಂದು ದಿಕ್ಕು ಕಾಣುತ್ತದೆ. ಆ ದಿಕ್ಕು ವಿಷಯದ ಹೆಸರಾಗಿ ಬರಬೇಕೆಂದಿಲ್ಲ. ಕೈಯಲ್ಲಿ ಬಿಚ್ಚಿ ಜೋಡಿಸುವುದು, ಸಂಗ್ರಹಿಸಿ ವಿಂಗಡಿಸುವುದು, ಪೈಪೋಟಿ ಮಾಡುವುದು, ಕತೆ ಕಟ್ಟುವುದು, ಯಾರನ್ನೋ ನೋಡಿಕೊಳ್ಳುವುದು, ಮೈ ಆಡಿಸುವುದು, ಹೀಗೆ ಕೆಲಸದ ಬಗೆಯಾಗಿ ಕಾಣುತ್ತದೆ.

ಬಿಚ್ಚುವ ಕಡೆಗೆ ವಾಲಿದ್ದಾನೆ ಎಂದಿಟ್ಟುಕೊಳ್ಳಿ. ಹಾಗಾದರೆ ರೋಬಾಟಿಕ್ಸ್ ಕ್ಲಾಸ್ ಹುಡುಕಬೇಡಿ. ಒಂದು ಮುಚ್ಚಳವಿಲ್ಲದ ರಟ್ಟಿನ ಪೆಟ್ಟಿಗೆ ಇಡಿ. ಅದರಲ್ಲಿ ಕೆಟ್ಟುಹೋದ ಟಿವಿ ರಿಮೋಟು, ಗೋಡೆ ಗಡಿಯಾರ, ಆಟಿಕೆ ಕಾರು, ಹಳೆಯ ಕಂಪ್ಯೂಟರ್ ಮೌಸು. ಸಣ್ಣದೂ ದೊಡ್ಡದೂ ಎರಡು ನಕ್ಷತ್ರ ಮೂತಿಯ ಸ್ಕ್ರೂಡ್ರೈವರ್, ಒಂದು ಚಪ್ಪಟೆಯದು. ಕಳಚಿದ ಸ್ಕ್ರೂಗಳನ್ನು ಕ್ರಮವಾಗಿ ಇಡಲು ಖಾಲಿ ಮೊಟ್ಟೆ ಟ್ರೇ. ರಿಮೋಟಿನಲ್ಲಿ ಸ್ಕ್ರೂ ಕಾಣದಿದ್ದರೆ ಬ್ಯಾಟರಿ ಗೂಡಿನಲ್ಲಿ ನೋಡಬೇಕು. ಅಲ್ಲೂ ಇಲ್ಲದಿದ್ದರೆ ಅಂಚಿನ ಸೀಳಿಗೆ ಚಪ್ಪಟೆ ಮೂತಿ ಹಾಕಿ ನಿಧಾನ ತಿರುಗಿಸಿದರೆ ಕೊಕ್ಕೆಗಳು ಬಿಡುತ್ತವೆ. ಪೆಟ್ಟಿಗೆಯಲ್ಲಿ ಎಂದೂ ಇರಬಾರದವೂ ಇವೆ: ಮೈಕ್ರೋವೇವ್ ಒಲೆ, ಹಳೆಯ ಡಬ್ಬ ಟಿವಿ, ಇನ್ವರ್ಟರ್, ಮೊಬೈಲ್ ಫೋನ್. ಮೊದಲ ಮೂರರಲ್ಲಿ ಪ್ಲಗ್ ಕಿತ್ತ ಮೇಲೂ ವಿದ್ಯುತ್ ಉಳಿದಿರಬಹುದು. ಫೋನಿನ ಲಿಥಿಯಂ ಬ್ಯಾಟರಿಗೆ ಸ್ಕ್ರೂಡ್ರೈವರ್ ಚುಚ್ಚಿದರೆ ಬೆಂಕಿ ಹತ್ತುತ್ತದೆ.

ಬಿಚ್ಚುವುದು ಹಳತಾದ ಮೇಲೆ ಜೋಡಿಸುವುದು. ಎರಡು ಎಎ ಸೆಲ್ಲು, ಅವುಗಳ ಗೂಡು, ಒಂದು ಕೆಂಪು ಎಲ್‌ಇಡಿ, 100 ಓಮ್‌ನ ಒಂದು ರೆಸಿಸ್ಟರ್, ಒಂದು ಸ್ವಿಚ್ಚು, ಎರಡು ತುಂಡು ವೈರು. ಮೊದಲ ಸಲ ದೀಪ ಹತ್ತದಿದ್ದರೆ ಎಲ್‌ಇಡಿ ತಿರುವುಮುರುವಾಗಿರುತ್ತದೆ. ಉದ್ದ ಕಾಲು ಧನ ತುದಿಗೆ ಹೋಗಬೇಕು. ರೆಸಿಸ್ಟರ್ ಯಾಕೆ ಎಂದು ಅವನೇ ಕೇಳಲಿ: ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು, ಸೆಲ್ಲುಗಳು ಕೊಡುವುದು 3, ಉಳಿದ ಒಂದನ್ನು ರೆಸಿಸ್ಟರ್ ಹೊತ್ತುಕೊಂಡು, ಹರಿಯುವ ವಿದ್ಯುತ್ತನ್ನು 10 ಮಿಲಿಆಂಪಿಯರ್ ಆಸುಪಾಸಿಗೆ ತಡೆಯುತ್ತದೆ. ಬಿಳಿ ಅಥವಾ ನೀಲಿ ಎಲ್‌ಇಡಿ ಹಾಕಿದರೆ ಮಂಕಾಗಿ ಉರಿಯುತ್ತದೆ, ಅವಕ್ಕೇ 3 ವೋಲ್ಟ್ ಬೇಕು. ಈ ಮಂಕು ದೀಪವನ್ನು ನೋಡಿ 'ಯಾಕೆ?' ಎಂದನೋ, ಮೂರನೇ ಹಂತದ ಬಾಗಿಲಿಗೆ ಬಂದ ಹಾಗೆ. ಮನೆಯಲ್ಲಿ ಪುಟ್ಟ ಮಗುವಿದ್ದರೆ ಗುಂಡಿಯಂಥ ಚಪ್ಪಟೆ ಸೆಲ್ಲುಗಳನ್ನು ತರಲೇಬೇಡಿ. ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಡುತ್ತದೆ.

ಪೆಟ್ಟಿಗೆ ಬೀರುವಿನ ಮೇಲೆ ಸೇರಬಾರದು. ಕಣ್ಣಿಗೆ ಬೀಳುವಲ್ಲಿ ಇರಬೇಕು, ಎರಡು ನಿಮಿಷದಲ್ಲಿ ಕೆಲಸ ಶುರುವಾಗಬೇಕು. ಸಂಜೆ ಶಾಲೆಯಿಂದ ಬಂದವನಿಗೆ ತಿಂಡಿ, ಅರ್ಧ ಗಂಟೆ ಸುಮ್ಮನೆ ಬಿದ್ದುಕೊಳ್ಳುವುದು, ಎರಡೂ ಆಗಲಿ. ಸೋಫಾವನ್ನು ಸೋಮಾರಿತನ ಎಂದು ಬರೆದುಕೊಳ್ಳಬೇಡಿ. 'ಬೋರು' ಎಂದ ತಕ್ಷಣ ನಾಲ್ಕು ಸಲಹೆ ಕೊಟ್ಟರೆ ನಾಲ್ಕನ್ನೂ ತಳ್ಳಿಹಾಕುವುದೇ ಅವನಿಗೆ ಆಟವಾಗುತ್ತದೆ. 'ಹೌದಾ' ಎಂದು ನಿಮ್ಮ ಕೆಲಸ ಮುಂದುವರಿಸಿ. ಫೋನು ಕೈಗೆ ಸಿಗದಿದ್ದರೆ ಇಪ್ಪತ್ತು–ಮೂವತ್ತು ನಿಮಿಷಕ್ಕೆ ಕೈ ತಾನಾಗಿ ಏನನ್ನೋ ಹುಡುಕುತ್ತದೆ. ಸಿಕ್ಕಿದರೆ ಏನನ್ನೂ ಹುಡುಕುವುದಿಲ್ಲ.

ಮುಂದೆ ಮೂರು ವಾರ. ವಾರಕ್ಕೆ ಎರಡು ಸಲ, ನಲವತ್ತು ನಿಮಿಷ, ಮನೆಯ ದೊಡ್ಡವರೊಬ್ಬರು ಪಕ್ಕದಲ್ಲಿ ಕೂತು ತಾವೂ ಏನನ್ನಾದರೂ ಬಿಚ್ಚುತ್ತಿರಬೇಕು. ಕಲಿಸಲು ಹೋಗಬೇಡಿ, 'ಏನು ಕಲಿತೆ?' ಎಂದು ಕೇಳಬೇಡಿ, ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಬೇಡಿ. ಮೂರು ವಾರದಲ್ಲಿ ಪೆಟ್ಟಿಗೆ ಮುಟ್ಟದಿದ್ದರೆ ಅದನ್ನು ಎತ್ತಿಟ್ಟು ಟಿಪ್ಪಣಿಯ ಎರಡನೇ ದಿಕ್ಕಿಗೆ ಹೋಗಿ. ವರ್ಷಕ್ಕೆ ಇಂಥ ಏಳೆಂಟು ಪ್ರಯೋಗ ಮಾಡಲು ಒಂದು ಕೀಬೋರ್ಡಿನಷ್ಟೂ ಖರ್ಚಾಗುವುದಿಲ್ಲ.

ಮಗಳಿಗೆ ಹನ್ನೆರಡು. ಮೂರನೇ ಕ್ಲಾಸಿನಿಂದ ಚಿತ್ರ ಬರೆಯುತ್ತಿದ್ದಳು, ಪ್ರತಿಭಾ ಕಾರಂಜಿಯಲ್ಲಿ ತಾಲ್ಲೂಕು ಮಟ್ಟದಲ್ಲಿ ಬಹುಮಾನವೂ ಬಂತು. ಆಮೇಲೆ ಒಳ್ಳೆಯ ಬಣ್ಣದ ಸೆಟ್ ತಂದುಕೊಟ್ಟು, ಜಿಲ್ಲಾ ಮಟ್ಟದಲ್ಲಿ ಗೆದ್ದರೆ ಸೈಕಲ್ ಎಂದೆವು. ಗೆಲ್ಲಲಿಲ್ಲ. ಈಗ ಆರು ತಿಂಗಳಿಂದ ಪೆನ್ಸಿಲ್ ಮುಟ್ಟಿಲ್ಲ. – ತಂದೆ, ಪುತ್ತೂರು

ಇದಕ್ಕೆ ಎರಡು ಕಾರಣ ಇರಬಹುದು, ಒಂದಕ್ಕೊಂದು ಗಂಟುಬಿದ್ದಿವೆ.

ಒಂದು, ಸೈಕಲ್ಲು. 1973ರಲ್ಲಿ ಅಮೆರಿಕದ ಮನೋವಿಜ್ಞಾನಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು, ಚಿತ್ರ ಬರೆಯುವುದೆಂದರೆ ಇಷ್ಟಪಡುವ ಶಿಶುವಿಹಾರದ ಮಕ್ಕಳನ್ನು ಮೂರು ಗುಂಪು ಮಾಡಿದರು. 'ಬರೆದರೆ ಪ್ರಶಸ್ತಿಪತ್ರ' ಎಂದು ಒಂದು ಗುಂಪಿಗೆ ಮೊದಲೇ ಹೇಳಿದರು. ಇನ್ನೊಂದಕ್ಕೆ ಬರೆದಾದ ಮೇಲೆ ಅನಿರೀಕ್ಷಿತವಾಗಿ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಕೆಲವು ದಿನ ಬಿಟ್ಟು ನೋಡಿದಾಗ, ಮೊದಲೇ ಆಸೆ ತೋರಿಸಿದ ಗುಂಪು ಬಿಡುವಿನ ವೇಳೆಯಲ್ಲಿ ಚಿತ್ರಕ್ಕೆ ಕೊಟ್ಟ ಹೊತ್ತು ಉಳಿದವರದರ ಸುಮಾರು ಅರ್ಧ. ನಿಮ್ಮ ಮಗಳು ಅವರಿಗಿಂತ ದೊಡ್ಡವಳು, ಹಾಗೇ ಅನ್ವಯಿಸಲಾಗದು. ಆದರೂ ಷರತ್ತಿನ ಬಹುಮಾನ ಮೊದಲೇ ಇಷ್ಟವಿದ್ದ ಕೆಲಸವನ್ನು ಸಂಬಳದ ಕೆಲಸ ಮಾಡಿಬಿಡುವ ಅಪಾಯ ಇದ್ದೇ ಇದೆ. ಗೆಲ್ಲದಿದ್ದರೆ ಸಂಬಳವೂ ಇಲ್ಲ. ಅನಿರೀಕ್ಷಿತವಾಗಿ ಕೊಟ್ಟದ್ದು ಆ ಮಕ್ಕಳ ಆಸಕ್ತಿಯನ್ನು ಕೆಡಿಸಿರಲಿಲ್ಲ, ಅದನ್ನೂ ಗಮನಿಸಿ.

ಎರಡನೆಯದು ವಯಸ್ಸು. ಹತ್ತು–ಹನ್ನೆರಡಕ್ಕೆ ಬಂದ ಮಕ್ಕಳು ತಮ್ಮ ಚಿತ್ರವನ್ನು ನಿಜದ ವಸ್ತುವಿನ ಜೊತೆ ಹೋಲಿಸತೊಡಗುತ್ತಾರೆ. ತ್ರಿಕೋನದ ಬೆಟ್ಟ, ನಡುವೆ ಸೂರ್ಯ ಈಗ ಅವರಿಗೇ ನಗು ಬರಿಸುತ್ತದೆ. ಕೈ ಬರೆಯಲಾಗುವುದಿಲ್ಲ, ಮುಖ ಹೊಂದುವುದಿಲ್ಲ. ಕಣ್ಣು ಬೆಳೆದಷ್ಟು ಕೈ ಬೆಳೆದಿರುವುದಿಲ್ಲ. ಈ ಅಂತರದಲ್ಲೇ ಹೆಚ್ಚಿನವರು ಪೆನ್ಸಿಲ್ ಬಿಡುವುದು. 'ಚೆನ್ನಾಗಿದೆ ಪುಟ್ಟಾ' ಎನ್ನುವ ಹೊಗಳಿಕೆ ಇಲ್ಲಿ ಕೆಲಸ ಮಾಡುವುದಿಲ್ಲ, ನೀವು ಸುಳ್ಳು ಹೇಳುತ್ತಿದ್ದೀರೆಂದು ಅವಳಿಗೆ ಗೊತ್ತು. ಬೇಕಾದ್ದು ತಂತ್ರ.

ಸೈಕಲ್ಲನ್ನು ಯಾವ ಷರತ್ತಿಗೂ ಕಟ್ಟದೆ, ಸೈಕಲ್ ಬೇಕಾದ ಕಾರಣಕ್ಕೇ ಕೊಡಿಸಿಬಿಡಿ, ಆ ಗಂಟು ಬಿಚ್ಚಲಿ. ಬಣ್ಣದ ಸೆಟ್ಟು ಒಳಗಿರಲಿ. 2ಬಿ ಮತ್ತು 6ಬಿ ಪೆನ್ಸಿಲ್ ಒಂದೊಂದು, ಗೆರೆಯಿಲ್ಲದ ಅಂಗೈಯಗಲದ ಪುಸ್ತಕ ಒಂದು. ಪುಸ್ತಕ ಅವಳದು, ಯಾರೂ ಕೇಳದೆ ತೆರೆಯುವ ಹಾಗಿಲ್ಲ. ಆಮೇಲೆ ಒಂದು ಸಂಜೆ ನೀವೇ ಅವಳೆದುರು ಒಂದು ಚೊಂಬನ್ನು ಮೇಜಿನ ಮೇಲಿಟ್ಟು ಬರೆಯಿರಿ, ಕೆಟ್ಟದಾಗಿಯೇ. ಮೂರು ಉಪಾಯಗಳನ್ನು ಅವಳಿಗೆ ತೋರಿಸಬಹುದು. ವಸ್ತುವನ್ನು ಬಿಟ್ಟು ಅದರ ಸುತ್ತಲಿನ ಖಾಲಿ ಜಾಗದ ಆಕಾರ ಬರೆಯುವುದು, ಕುರ್ಚಿಯ ಕಾಲುಗಳಿಗೆ ಇದು ಬಲು ಚೆನ್ನ. ತೋಳು ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ಲಿನ ಮೇಲೆ ಹೆಬ್ಬೆರಳಿಟ್ಟು ಅಗಲ–ಎತ್ತರದ ಪ್ರಮಾಣ ಅಳೆಯುವುದು. ತೋಳು ಮಡಚಿದರೆ ಅಳತೆ ತಪ್ಪುತ್ತದೆ, ಎಲ್ಲರೂ ಎಡವುವುದು ಅಲ್ಲೇ. ಮುಖ ಬರೆಯುವಾಗ ಕಣ್ಣುಗಳನ್ನು ತಲೆಯ ಎತ್ತರದ ಸರಿ ಅರ್ಧಕ್ಕೆ ಇಡುವುದು. ಮಕ್ಕಳು ಯಾವಾಗಲೂ ಮೇಲಕ್ಕೆ ಇಟ್ಟು ಹಣೆಯನ್ನೇ ನುಂಗಿಸುತ್ತಾರೆ. ಒಂದೇ ವಾರದಲ್ಲಿ ತನ್ನ ಚಿತ್ರ ಬದಲಾದದ್ದು ಅವಳಿಗೇ ಕಾಣುತ್ತದೆ. ಸ್ಪರ್ಧೆಗೆ ಈ ವರ್ಷ ಹೆಸರು ಕೊಡುವುದು ಬೇಡ, ಅವಳೇ ಕೇಳಿದರೆ ಬೇರೆ ಮಾತು.

ನಮ್ಮದು ಸಿದ್ದಾಪುರದ ಕಡೆಯ ಹಳ್ಳಿ. ಮೊಮ್ಮಗನಿಗೆ ಹತ್ತು ವರ್ಷ. ಪೇಟೆ ಮಕ್ಕಳಿಗಾದರೆ ನೂರೆಂಟು ಕ್ಲಾಸು, ಇಲ್ಲಿ ಏನೂ ಇಲ್ಲ. ಹುಡುಗ ಮಂಕಾಗಿ ಕೂರುತ್ತಾನೆ. – ಅಜ್ಜ, ಉತ್ತರ ಕನ್ನಡ

ಕ್ಲಾಸು ಇಲ್ಲದಿರುವುದು ನಿಮಗೆ ಅನುಕೂಲವೇ. ಆಯ್ಕೆ, ಸಂಗಾತ, ಬಿಡುವು ಮೂರೂ ಇವೆ. ಇಲ್ಲದ್ದು ಶುರು ಮಾಡಿಕೊಡುವವರು ಮಾತ್ರ.

ಹಕ್ಕಿಗಳಿಂದ ತೊಡಗಿ, ನಿಮ್ಮ ಕಡೆ ಬೇರೇನೂ ಬೇಡ. ಬೆಳಿಗ್ಗೆ ಆರೂವರೆಯಿಂದ ಎಂಟರೊಳಗೆ ಹದಿನೈದು ನಿಮಿಷ, ಒಂದೇ ಜಾಗದಲ್ಲಿ ಕೂತು, ಕಂಡದ್ದನ್ನೂ ಕೇಳಿದ್ದನ್ನೂ ಎಣಿಸಿ ಬರೆಯುವುದು. ದುರ್ಬೀನು ಬೇಡ. ಮಡಿವಾಳ ಹಕ್ಕಿ, ಕೆಮ್ಮೀಸೆ ಪಿಕಳಾರ, ಕೆಂಬೂತ, ಸೂರಕ್ಕಿ, ಗೊರವಂಕ ಅಂಗಳದಲ್ಲೇ ಸಿಗುತ್ತವೆ. ಗುರುತು ಸಿಗದ ದನಿಗೆ 'ಮರ್ಲಿನ್' ಎಂಬ ಉಚಿತ ಆ್ಯಪ್ ಇದೆ, ಮನೆಯ ದೊಡ್ಡವರ ಫೋನಿನಲ್ಲಿ ಹಾಕಿಕೊಳ್ಳಿ; ಆದರೆ ಅದು ಹೇಳಿದ್ದೆಲ್ಲ ನಿಜವಲ್ಲ, ಕಣ್ಣಲ್ಲಿ ಕಂಡ ಮೇಲೆ ಬರೆಯುವ ನಿಯಮ ಇರಲಿ. ಅವನು ಬರೆದ ಪಟ್ಟಿಗೆ ಊರ ಹೊರಗೂ ಓದುಗರಿದ್ದಾರೆ: 'ಇ–ಬರ್ಡ್' ತಾಣಕ್ಕೆ ದೊಡ್ಡವರ ಖಾತೆಯಿಂದ ಸೇರಿಸಿದರೆ ಅದು ವಿಜ್ಞಾನಿಗಳು ಬಳಸುವ ಮಾಹಿತಿಯಾಗುತ್ತದೆ, ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಲ ಹಕ್ಕಿ ಎಣಿಕೆಯೂ ನಡೆಯುತ್ತದೆ. ತನ್ನ ಲೆಕ್ಕ ಯಾರಿಗೋ ಬೇಕು ಎಂದು ತಿಳಿದ ಹುಡುಗನ ಎಣಿಕೆಯ ಗತ್ತೇ ಬೇರೆ. ಮಳೆಗಾಲದಲ್ಲಿ ಎಲೆ ದಟ್ಟವಾಗಿ ಹಕ್ಕಿ ಕಾಣದೆ ಬೇಸರ ಬರುತ್ತದೆ, ಶುರು ಮಾಡಲು ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯದು. ವಲಸೆ ಹಕ್ಕಿಗಳೂ ಇರುತ್ತವೆ.

ಸೈಕಲ್ ಪಂಕ್ಚರ್ ಹಾಕುವುದನ್ನು ಹತ್ತರ ಹುಡುಗ ಚೆನ್ನಾಗಿ ಕಲಿಯಬಲ್ಲ. ಟೈರು ಕಳಚುವ ಎರಡು ಪಟ್ಟಿ, ಮರಳು ಕಾಗದ, ರಬ್ಬರ್ ಸೊಲ್ಯೂಷನ್, ತೇಪೆ, ಪಂಪು, ಒಂದು ಬಕೆಟ್ ನೀರು. ಟ್ಯೂಬಿಗೆ ಗಾಳಿ ತುಂಬಿ ನೀರಲ್ಲಿ ಮುಳುಗಿಸಿ ಗುಳ್ಳೆ ಬರುವ ಜಾಗ ಗುರುತು ಮಾಡುವುದು, ಒರೆಸಿ ಒಣಗಿಸುವುದು, ತೇಪೆಗಿಂತ ಅಗಲವಾಗಿ ಉಜ್ಜುವುದು, ಸೊಲ್ಯೂಷನ್ ತೆಳ್ಳಗೆ ಹಚ್ಚಿ ಹೊಳಪು ಹೋಗುವವರೆಗೆ ನಾಲ್ಕೈದು ನಿಮಿಷ ಕಾಯುವುದು, ಆಮೇಲೆ ತೇಪೆ ಒತ್ತುವುದು. ಮಕ್ಕಳು ಹಸಿಯಲ್ಲೇ ಅಂಟಿಸುತ್ತಾರೆ, ಮರುದಿನ ಬಿಡುತ್ತದೆ. ಇನ್ನೊಂದು ತಪ್ಪು, ಟೈರಿನೊಳಗೆ ಉಳಿದ ಮುಳ್ಳನ್ನು ಹುಡುಕದಿರುವುದು. ಬೆರಳಿಗೆ ಬಟ್ಟೆ ಸುತ್ತಿ ಒಳಗೆಲ್ಲ ಸವರಿ ನೋಡಬೇಕು. ಎರಡು ತಿಂಗಳಲ್ಲಿ ಊರಿನ ಹುಡುಗರ ಸೈಕಲ್‌ಗಳು ನಿಮ್ಮ ಅಂಗಳಕ್ಕೆ ಬಂದರೆ ಅವನ ಮಂಕು ಎಲ್ಲಿ ಹೋಯಿತೆಂದು ನೀವೇ ನೋಡುತ್ತೀರಿ.

ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ 'ಓದುವ ಬೆಳಕು' ಕಾರ್ಯಕ್ರಮದಡಿ ಶಾಲಾ ಮಕ್ಕಳಿಗೆ ಸದಸ್ಯತ್ವ ಉಚಿತ. ಹಕ್ಕಿಯದೋ ಯಂತ್ರದ್ದೋ ಪುಸ್ತಕ ಅಲ್ಲಿದೆಯೇ ನೋಡಿ, ಇಲ್ಲದಿದ್ದರೆ ತರಿಸಲು ಕೇಳಿ. ತರಕಾರಿ ಮಡಿ ಮಾಡಿಸುವುದಾದರೆ ಬೇಗ ಫಲ ಕೊಡುವುದನ್ನೇ ಆರಿಸಿ: ಮೆಂತ್ಯ ಮೂರು ವಾರಕ್ಕೆ, ಹರಿವೆ ಒಂದು ತಿಂಗಳೊಳಗೆ ಅಡುಗೆಮನೆ ಸೇರುತ್ತದೆ. ಹರಿವೆ ಬೀಜ ತೀರ ಸಣ್ಣದು, ಒಣ ಮರಳಿನ ಜೊತೆ ಬೆರೆಸಿ ಎರಚದಿದ್ದರೆ ಒಂದೇ ಕಡೆ ಗುಂಪಾಗುತ್ತದೆ. ಬದನೆಯಿಂದ ಶುರು ಮಾಡಿದರೆ ಕಾಯುವಷ್ಟರಲ್ಲಿ ಆಸಕ್ತಿ ಒಣಗುತ್ತದೆ.

ಇಬ್ಬರೂ ಕೆಲಸಕ್ಕೆ ಹೋಗುವವರು, ಅಪಾರ್ಟ್‌ಮೆಂಟ್ ಜೀವನ. ಮಗನಿಗೆ (12) ಆಸಕ್ತಿ ಇರುವುದು ಗೇಮ್ ಒಂದರಲ್ಲೇ. ಫೋನ್ ಕಿತ್ತುಕೊಂಡರೆ ಯುದ್ಧ. – ದಂಪತಿ, ಬೆಂಗಳೂರು

ಕಿತ್ತುಕೊಳ್ಳುವ ಮೊದಲು ಅರ್ಧ ಗಂಟೆ ಪಕ್ಕದಲ್ಲಿ ಕೂತು ಅವನು ಆಡುವುದನ್ನು ನೋಡಿ, ನಿಮಗೂ ಕಲಿಸಲು ಹೇಳಿ. ಗೇಮಿನ ಯಾವ ಭಾಗ ಅವನನ್ನು ಹಿಡಿದಿದೆ ಎಂಬುದು ಮುಖ್ಯ. ಮೈನ್‌ಕ್ರಾಫ್ಟ್‌ನಲ್ಲಿ ಕೋಟೆ ಕಟ್ಟುವವನಿಗೂ, ಗುಂಡಿನ ಆಟದಲ್ಲಿ ರ್‍ಯಾಂಕ್ ಏರುವವನಿಗೂ, ಹೆಡ್‌ಫೋನ್‌ನಲ್ಲಿ ಗೆಳೆಯರ ಜೊತೆ ಹರಟಲಿಕ್ಕೇ ಆಡುವವನಿಗೂ ಬೇಕಾದ್ದು ಬೇರೆ ಬೇರೆ. ಕಟ್ಟುವವನಿಗೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ, ಮಕ್ಕಳು ತಾವೇ ಗೇಮ್ ಕಟ್ಟಬಹುದಾದ 'ಸ್ಕ್ರಾಚ್' ಎಂಬ ಪ್ರೋಗ್ರಾಮಿಂಗ್ ತಾಣ ಉಚಿತವಾಗಿ ಸಿಗುತ್ತದೆ, ಲ್ಯಾಪ್‌ಟಾಪ್ ಬ್ರೌಸರ್‌ನಲ್ಲೇ ತೆರೆಯುತ್ತದೆ. ಫೋನಿನ ಸಣ್ಣ ಪರದೆಯಲ್ಲಿ ಕೊಟ್ಟರೆ ಕಿರಿಕಿರಿಯಾಗಿ ಬಿಡುತ್ತಾನೆ. ಮೊದಲ ಗುರಿ ಚಿಕ್ಕದಿರಲಿ: ಒಂದು ಬೆಕ್ಕು, ಮೇಲಿಂದ ಬೀಳುವ ಮಾವಿನಹಣ್ಣು, ಹಿಡಿದರೆ ಒಂದು ಅಂಕ. 'ದೊಡ್ಡ ಗೇಮ್ ಮಾಡ್ತೀನಿ' ಎಂದು ಹೊರಟವರು ಎರಡನೇ ದಿನ ನಿಲ್ಲುತ್ತಾರೆ. ಪೈಪೋಟಿಯವನಿಗೆ ಚೆಸ್, ಬ್ಯಾಡ್ಮಿಂಟನ್, ಓಟದ ಸಮಯ ಬರೆದಿಡುವುದು, ಅಂದರೆ ಅಂಕಿ ಏರುವುದು ಕಣ್ಣಿಗೆ ಕಾಣುವ ಯಾವುದಾದರೂ. ಹರಟೆಯವನಿಗೆ ಬೇಕಾದ್ದು ಗೆಳೆಯರು. ಶನಿವಾರ ಮೂವರು ಹುಡುಗರನ್ನು ಮನೆಗೆ ಕರೆದು ಅಡುಗೆಮನೆ ಬಿಟ್ಟುಕೊಡಿ. ಉಪ್ಪಿಟ್ಟು ಮಾಡಲಿ: ಒಂದು ಲೋಟ ಬನ್ಸಿ ರವೆಗೆ ಎರಡೂವರೆ ಲೋಟ ನೀರು. ರವೆ ಘಮ ಬರುವಷ್ಟು ಹುರಿಯದೆ, ಒಮ್ಮೆಲೇ ಸುರಿದರೆ ಉಪ್ಪಿಟ್ಟು ಗಂಟುಗಂಟು. ಗಂಟಾದರೂ ತಿಂದು ಮುಗಿಸುತ್ತಾರೆ, ಚಿಂತೆ ಬೇಡ.

ವಾರದ ದಿನ ನಿಮಗೆ ಹೊತ್ತಿಲ್ಲ ಎಂಬುದು ನಿಜ. ಭಾನುವಾರ ಎರಡು ಗಂಟೆ ಸಾಕು, ತಪ್ಪಬಾರದು ಅಷ್ಟೇ. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ಹೋದರೆ ಎಲ್ಲ ಮಹಡಿ ಮುಗಿಸಲು ಓಡಬೇಡಿ. ಎಂಜಿನ್ನುಗಳ ಸಭಾಂಗಣವೊಂದನ್ನೇ ನೋಡಿ, ಯಾವುದರ ಮುಂದೆ ನಿಂತನೋ ಅಲ್ಲೇ ನಿಲ್ಲಿ, ಉಳಿದದ್ದು ಮುಂದಿನ ಭೇಟಿಗೆ. ನೆಹರೂ ತಾರಾಲಯಕ್ಕೂ ಇದೇ ಮಾತು.

ಶುರು ಮಾಡಿದ್ದನ್ನೆಲ್ಲ ಬಿಡುತ್ತಾಳೆ. ಬಿಡಲು ಬಿಟ್ಟರೆ ಅದೇ ಅಭ್ಯಾಸವಾಗುವುದಿಲ್ಲವೇ? – ತಾಯಿ, ಹುಬ್ಬಳ್ಳಿ

ಬಿಡಬಹುದು, ಆದರೆ ಕೆಟ್ಟ ದಿನದಂದು ಬಿಡುವ ಹಾಗಿಲ್ಲ. ಸೇರುವಾಗಲೇ ಒಂದು ತಾರೀಖು ಗುರುತು ಮಾಡಿಕೊಳ್ಳಿ: ಮನೆಯ ಪ್ರಯೋಗಕ್ಕೆ ಮೂರು ವಾರ, ಹೊರಗಿನ ತರಗತಿಗೆ ಎರಡು ತಿಂಗಳು, ತಂಡದ ಆಟಕ್ಕೆ ಆ ಋತುವಿನ ಪಂದ್ಯಗಳು ಮುಗಿಯುವವರೆಗೆ. ತಾರೀಖು ಬಂದಾಗ ಮುಂದುವರಿಸುವುದೋ ಬಿಡುವುದೋ ಅವಳದೇ ತೀರ್ಮಾನ, ಮತ್ತೆ 'ಫೀಸು ದಂಡವಾಯಿತು' ಎಂಬ ಮಾತು ಬರಬಾರದು. ಫೀಸನ್ನು ತಿಂಗಳ ಲೆಕ್ಕದಲ್ಲೇ ಕಟ್ಟಿ. ಬಿಟ್ಟ ಮೇಲೆ ಒಂದೇ ಪ್ರಶ್ನೆ ಕೇಳಿ: ಬೇಡವಾದದ್ದು ಕೆಲಸವೋ, ಮೇಷ್ಟ್ರೋ, ಜೊತೆಯವರೋ, ಹೊತ್ತೋ? ಬ್ಯಾಚಿನಲ್ಲಿ ಎಲ್ಲರೂ ಏಳು ವರ್ಷದವರಿದ್ದರೆಂದು ಭರತನಾಟ್ಯ ಬಿಟ್ಟವಳಿಗೆ ನಾಟ್ಯದ ಮೇಲೆ ಬೇಸರವಿಲ್ಲ.

ಮೊದಲು ಚುರುಕಾಗಿದ್ದ ಮಗು ಈಗ ಯಾವುದಕ್ಕೂ ಏಳುವುದಿಲ್ಲ, ಸದಾ ಸುಸ್ತು. ಇದು ವಯಸ್ಸಿನ ಸ್ವಭಾವವೇ? – ಶಿಕ್ಷಕಿ, ರಾಯಚೂರು

ಆಸಕ್ತಿಯ ಮಾತಿಗೆ ಮುಂಚೆ ಮೈಯ ತಪಾಸಣೆ ಮಾಡಿಸಿ. ಆರರಿಂದ ಹನ್ನೆರಡು ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಹನ್ನೊಂದಕ್ಕೆ ಮಲಗಿ ಆರಕ್ಕೆ ಏಳುವ ಮಗು ಏಳೇ ಗಂಟೆ ಮಲಗುತ್ತದೆ, ಸಂಜೆ ಸೋಫಾ ಹಿಡಿಯುವುದರಲ್ಲಿ ಆಶ್ಚರ್ಯವಿಲ್ಲ. ಎರಡನೆಯದು ರಕ್ತಹೀನತೆ. ಐದರಿಂದ ಹನ್ನೊಂದರವರಿಗೆ ಹಿಮೋಗ್ಲೋಬಿನ್ ಡೆಸಿಲೀಟರ್ ರಕ್ತಕ್ಕೆ 11.5 ಗ್ರಾಂಗಿಂತ, ಹನ್ನೆರಡರಿಂದ ಹದಿನಾಲ್ಕರವರಿಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಮುಟ್ಟು ಶುರುವಾದ ಹುಡುಗಿಯರಲ್ಲಿ ವಿಶೇಷ ಗಮನ ಬೇಕು. ಶಾಲೆಯಲ್ಲಿ ಕೊಡುವ ಜಂತುಹುಳುವಿನ ಮಾತ್ರೆ, ಕಬ್ಬಿಣಾಂಶದ ಮಾತ್ರೆ ತಪ್ಪಿಸಬಾರದು. ಕಬ್ಬಿಣದ ಮಾತ್ರೆಯನ್ನು ಚಹಾ ಜೊತೆ ನುಂಗಿದರೆ ಮೈಗೆ ಹತ್ತುವುದು ಕಡಿಮೆ. ಕಣ್ಣಿನ ಪರೀಕ್ಷೆಯೂ ಆಗಲಿ. ಬಾಯಲ್ಲಿ ಚುರುಕಾಗಿದ್ದು, ಓದು–ಬರಹ ಬಂದಲ್ಲೆಲ್ಲ ತಪ್ಪಿಸಿಕೊಳ್ಳುವ ಮಗುವಿಗೆ ಕಲಿಕೆಯ ತೊಡಕು ಇದೆಯೇ ಎಂದು ತಜ್ಞರಿಗೆ ತೋರಿಸಿ.

ಮೊದಲು ಇಷ್ಟವಿದ್ದ ಎಲ್ಲದರಿಂದಲೂ ಎರಡು ವಾರಕ್ಕೂ ಹೆಚ್ಚು ಕಾಲ ದೂರವಾಗಿದ್ದು, ಜೊತೆಗೆ ನಿದ್ದೆ–ಊಟ ಏರುಪೇರು, ಸಿಡಿಮಿಡಿ, ಗೆಳೆಯರನ್ನು ತಪ್ಪಿಸುವುದು, 'ನಾನು ಯಾಕಾದರೂ ಇದ್ದೀನೋ' ಎಂಬಂಥ ಮಾತು ಇದ್ದರೆ ಅದು ಖಿನ್ನತೆಯಿರಬಹುದು. ಈ ವಯಸ್ಸಿನಲ್ಲಿ ಖಿನ್ನತೆ ಅಳುವಾಗಿ ಮಾತ್ರವಲ್ಲ, ಸಿಟ್ಟಾಗಿಯೂ ಕಾಣಬಹುದು. ಟೆಲಿ–ಮನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೂ ಮಾತನಾಡಬಹುದು. ಸಾಯುವ ಮಾತಿದ್ದರೆ ಅದೇ ದಿನ ವೈದ್ಯರ ಬಳಿ ಹೋಗಬೇಕು, ಮಗುವನ್ನು ಒಂಟಿಯಾಗಿ ಬಿಡಬಾರದು.

ಮಗನಿಗೆ (11) ಆಸಕ್ತಿ ಇಲ್ಲ ಅಂತಲ್ಲ, ಕೆಲಸಕ್ಕೆ ಬಾರದ ಆಸಕ್ತಿ. ಬಸ್ಸು! ನಿಲ್ದಾಣದಲ್ಲಿ ನಿಂತರೆ ಯಾವ ಡಿಪೋ, ಯಾವ ಮಾರ್ಗ ಎಂದು ಒಪ್ಪಿಸುತ್ತಾನೆ. ಇದನ್ನು ಬಿಡಿಸಿ ಒಳ್ಳೆಯದಕ್ಕೆ ಹಚ್ಚುವುದು ಹೇಗೆ? – ತಂದೆ, ಹಾಸನ

ಬಿಡಿಸಬೇಡಿ ಮಾರಾಯ್ರೇ. ಉಳಿದ ಪತ್ರಗಳ ಅಪ್ಪ–ಅಮ್ಮಂದಿರು ಇಂಥದ್ದೊಂದಕ್ಕೆ ಹಂಬಲಿಸುತ್ತಿದ್ದಾರೆ. ನಾಲ್ಕು ನಿಗಮ, ಹತ್ತಾರು ವಿಭಾಗ, ನೂರಾರು ಮಾರ್ಗ ತಲೆಯಲ್ಲಿ ವಿಂಗಡಿಸಿಟ್ಟುಕೊಂಡವನು ಮೂರನೇ ಹಂತ ದಾಟಿದ್ದಾನೆ. ನಿಮ್ಮ ಕೆಲಸ ಅದಕ್ಕೆ ಮೇವು ಹಾಕುವುದು.

ರಾಜ್ಯದ ದೊಡ್ಡ ಭೂಪಟ ತಂದು ಗೋಡೆಗೆ ಹಚ್ಚಿ, ಅವನಿಗೆ ಗೊತ್ತಿರುವ ಮಾರ್ಗಗಳನ್ನು ದಾರದಿಂದ ಗುರುತಿಸಲಿ, ನಿಗಮಕ್ಕೊಂದು ಬಣ್ಣ. ಹಾಸನದಿಂದ ಮಂಗಳೂರಿಗೆ ಇರುವ ದೂರ, ಹಿಡಿಯುವ ಹೊತ್ತು, ಸರಾಸರಿ ವೇಗ ಲೆಕ್ಕ ಹಾಕಲಿ, ಶಿರಾಡಿ ಘಾಟಿಯಲ್ಲಿ ವೇಗ ಯಾಕೆ ಬೀಳುತ್ತದೆಂದು ಕೇಳಿ. ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಒಮ್ಮೆ ಕರೆದೊಯ್ಯಿರಿ, ಬಸ್ಸಿನ ಹುಚ್ಚು ಇರುವವರಿಗೆ ರೈಲು ಅಪಥ್ಯವಾಗುವುದಿಲ್ಲ.

ಆಮೇಲೆ ರಟ್ಟಿನ ಬಸ್ಸು. 1:50 ಅಳತೆ ಅನುಕೂಲ: 12 ಮೀಟರ್ ಬಸ್ಸು 24 ಸೆಂಟಿಮೀಟರ್ ಉದ್ದ, 2.5 ಮೀಟರ್ ಅಗಲ 5 ಸೆಂಟಿಮೀಟರ್. ಎತ್ತರ, ಕಿಟಕಿ, ಚಕ್ರದ ಅಂತರವನ್ನು ನಿಂತ ಬಸ್ಸಿನ ಪಕ್ಕದಿಂದ ತೆಗೆದ ಫೋಟೋದಲ್ಲಿ ಅಳೆದು, ಗೊತ್ತಿರುವ ಉದ್ದದ ಜೊತೆ ಅನುಪಾತ ಹಾಕಿ ತೆಗೆಯಲಿ. ಫೋಟೋ ಓರೆಯಾಗಿದ್ದರೆ ಹಿಂದಿನ ಕಿಟಕಿಗಳು ಕಿರಿದಾಗಿ ಲೆಕ್ಕ ಕೆಡುತ್ತದೆ, ಬಸ್ಸಿನ ನಡುಭಾಗಕ್ಕೆ ನೇರವಾಗಿ, ಸಾಕಷ್ಟು ದೂರ ನಿಂತು ತೆಗೆಯಬೇಕು. ಮದುವೆ ಕಾಗದದ ದಪ್ಪ ರಟ್ಟು ಸಾಕು. ಮಡಿಸುವ ಗೆರೆಯ ಮೇಲೆ ಮೊದಲು ರೀಫಿಲ್ ಮುಗಿದ ಪೆನ್ನಿನಿಂದ ಒತ್ತಿ ಎಳೆದರೆ ಅಂಚು ಚೂಪಾಗಿ ಬರುತ್ತದೆ. ಕಿಟಕಿಗಳನ್ನು ಮಡಿಸುವ ಮೊದಲೇ ಕತ್ತರಿಸಬೇಕು, ಪೆಟ್ಟಿಗೆಯಾದ ಮೇಲೆ ಬ್ಲೇಡು ಆಡುವುದಿಲ್ಲ. ಬ್ಲೇಡಿನ ಕೆಲಸಕ್ಕೆ ಉಕ್ಕಿನ ಸ್ಕೇಲು, ಪಕ್ಕದಲ್ಲಿ ನೀವು. ಚಕ್ರಕ್ಕೆ 2 ಸೆಂಟಿಮೀಟರ್ ವ್ಯಾಸದ ಬಾಟಲಿ ಮುಚ್ಚಳ ಹುಡುಕಲಿ, ಸಿಗದಿದ್ದರೆ ರಟ್ಟಿನ ಬಿಲ್ಲೆಗಳನ್ನು ಒಂದರ ಮೇಲೊಂದು ಅಂಟಿಸಲಿ. ಮುಂದಿನ ಫಲಕದಲ್ಲಿ ಯಾವ ಊರಿನ ಹೆಸರು ಬರೆಯಬೇಕೆಂದು ಮಾತ್ರ ನೀವು ಹೇಳಲು ಹೋಗಬೇಡಿ.